ಹಳದಿ ಬಟ್ಟೆಗೆ ಕೆಂಪು ಅಕ್ಷರವೋ, ಕೆಂಪು ಬಟ್ಟೆಗೆ ಹಳದಿಯೋ? ಟೀ ಶರ್ಟ್ ಪ್ರಿಂಟ್ ಮಾಡಿಸುವ ಮುನ್ನ

ಅಕ್ಟೋಬರ್ ಎರಡನೇ ವಾರ ದಾಟಿತೆಂದರೆ ತುಮಕೂರಿನ ಫ್ಲೆಕ್ಸ್ ಅಂಗಡಿಗಳಲ್ಲಿ ಟೀ ಶರ್ಟಿನ ವಿಚಾರಣೆ ಶುರು. ನವೆಂಬರ್ 1ರ ರಾಜ್ಯೋತ್ಸವಕ್ಕೆ ಆಟೊ ನಿಲ್ದಾಣದ ಕನ್ನಡ ಸಂಘಕ್ಕೆ 80, ಕಾಲೇಜಿನ ತಂಡಕ್ಕೆ 30, ಗುಬ್ಬಿ ಕಡೆಯ ಕ್ರಿಕೆಟ್ ಟೂರ್ನಿಗೆ 15. ಎಲ್ಲರ ಮೊದಲ ಪ್ರಶ್ನೆ ಒಂದೇ: "ಅಣ್ಣ, ಒಂದಕ್ಕೆ ಎಷ್ಟು ಬೀಳುತ್ತೆ?" ಅಂಗಡಿಯವರ ಮರುಪ್ರಶ್ನೆಯೂ ಒಂದೇ: "ಸ್ಕ್ರೀನಾ, ಡಿಟಿಎಫ್ಫಾ, ಸಬ್ಲಿಮೇಷನ್ನಾ?" ಮೂರೂ ಪ್ರಿಂಟ್ ಹಾಕುವ ವಿಧಾನಗಳೇ, ಆದರೆ ಕೇಳಿದವರು ಅಲ್ಲಿ ತಡವರಿಸುತ್ತಾರೆ. ಕೊನೆಗೆ ಯಾವುದು ಅಗ್ಗವೋ ಅದಕ್ಕೆ ಹೂಂ ಅಂದು ಅಡ್ವಾನ್ಸ್ ಕೊಟ್ಟು ಬರುತ್ತಾರೆ.

ಬಟ್ಟೆ ಯಾವುದು, ಎಷ್ಟು ಪೀಸು, ಚಿತ್ರದಲ್ಲಿ ಎಷ್ಟು ಬಣ್ಣ. ಇದೇ ಕ್ರಮದಲ್ಲಿ ಯೋಚಿಸಿದರೆ ಯಾವ ಪ್ರಿಂಟ್ ಎಂಬುದು ಬಹುಮಟ್ಟಿಗೆ ತಾನಾಗಿ ತೀರ್ಮಾನವಾಗುತ್ತದೆ. ಆದರೆ ನಡೆಯುವುದು ಉಲ್ಟಾ. ಮೊದಲು ಮೊಬೈಲಿನಲ್ಲಿ ಡಿಸೈನ್ ಸಿದ್ಧ, ಆಮೇಲೆ ದರದ ಚೌಕಾಶಿ, ಬಟ್ಟೆಯ ಮಾತು ಕೊನೆಗೆ.

ಮೊದಲು ಬಟ್ಟೆ

ನಮ್ಮ ಕಡೆಗೆ ಬರುವ ಪ್ಲೇನ್ ಟೀ ಶರ್ಟುಗಳಲ್ಲಿ ತಿರುಪ್ಪೂರಿನ ಮಾಲು ಹೆಚ್ಚು. ಸ್ಥೂಲವಾಗಿ ಮೂರು ಬಗೆ. ರೌಂಡ್ ನೆಕ್‌ನಲ್ಲಿ ಹೆಚ್ಚಾಗಿ ಸಿಗುವುದು ಪೂರ್ತಿ ಕಾಟನ್. ಕಾಲರ್ ಇರುವ ಅಗ್ಗದ ಶರ್ಟುಗಳಲ್ಲಿ ಬಹುಪಾಲು ಕಾಟನ್ ಮತ್ತು ಪಾಲಿಯೆಸ್ಟರ್ ಬೆರೆಸಿದ ಪಿಸಿ ಬಟ್ಟೆ. ಆಟಗಾರರು ಹಾಕುವ ಡ್ರೈ ಫಿಟ್ ಪೂರ್ತಿ ಪಾಲಿಯೆಸ್ಟರ್.

ಚೀಟಿಯಲ್ಲಿ ಕಾಣುವ ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ಕಾಟನ್‌ನಲ್ಲಿ 180 ಜಿಎಸ್‌ಎಂ ಮಧ್ಯಮ. 140ಕ್ಕೆ ಇಳಿದರೆ ಬಟ್ಟೆ ತೆಳು, ಎದೆಯ ಮೇಲೆ ದೊಡ್ಡ ಪ್ರಿಂಟ್ ಹಾಕಿದರೆ ಅದರ ಭಾರಕ್ಕೇ ಜೋತುಬೀಳುತ್ತದೆ.

ಅಂಗಡಿಯವರು "ಪ್ಯೂರ್ ಕಾಟನ್ ಸರ್" ಅಂದರೂ ಒಮ್ಮೆ ಪರೀಕ್ಷೆ ಮಾಡಿಕೊಳ್ಳಿ. ಒಳಹೊಲಿಗೆಯ ಅಂಚಿನಿಂದ ಒಂದೆಳೆ ನೂಲು ಕಿತ್ತು ಕಡ್ಡಿ ಗೀರಿ ಹಿಡಿಯಬೇಕು. ಹೊಲಿಗೆ ದಾರವೇ ಪಾಲಿಯೆಸ್ಟರ್ ಇರಬಹುದು, ಅದು ಬೇಡ, ಬಟ್ಟೆಯದೇ ಎಳೆ ಬೇಕು. ಕಾಟನ್ ಆದರೆ ಚುರುಚುರು ಉರಿದು ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಉರಿಗೆ ಮುದುಡಿ ಕರಗಿ, ಆರಿದ ಮೇಲೆ ತುದಿಯಲ್ಲಿ ಗಟ್ಟಿಯಾದ ಕಪ್ಪು ಗುಂಡು ಉಳಿಯುತ್ತದೆ. ಮಿಶ್ರಣದಲ್ಲಿ ಎರಡೂ ಲಕ್ಷಣ. ಗುಂಡು ಆರುವ ಮುನ್ನ ಬೆರಳಿಗೆ ತಾಗಿಸಿಕೊಳ್ಳಬೇಡಿ, ಅಂಟಿಕೊಂಡು ಸುಡುತ್ತದೆ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಕಾಟನ್ ಕೂಡಲೇ ಹೀರಬೇಕು. ಹನಿ ಹಾಗೇ ನಿಂತರೆ ಬಟ್ಟೆಗೆ ನುಣುಪು ಬರಲೆಂದು ಸಿಲಿಕೋನ್‌ನಂಥ ಏನನ್ನೋ ಸವರಿದ್ದಾರೆ ಎಂದರ್ಥ. ಅಂಥ ಬಟ್ಟೆಗೆ ಇಂಕೂ ಸರಿಯಾಗಿ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ.

ಬಟ್ಟೆಗೆ ಇಷ್ಟು ಮಹತ್ವ ಏಕೆಂದರೆ ಎರಡೂ ನೂಲು ಬಣ್ಣ ಹಿಡಿಯುವ ರೀತಿಯೇ ಬೇರೆ. ಕಾಟನ್ ನೀರು ಹೀರುತ್ತದೆ, ನೀರಿನೊಂದಿಗೆ ಬಣ್ಣವೂ ಎಳೆಯೊಳಗೆ ಇಳಿಯುತ್ತದೆ. ಪಾಲಿಯೆಸ್ಟರ್ ನೀರು ಹೀರುವುದು ತೀರಾ ಕಡಿಮೆ, ಆದರೆ ಚೆನ್ನಾಗಿ ಕಾಯಿಸಿದರೆ ಆವಿಯಾದ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಸ್ಕ್ರೀನ್ ಪ್ರಿಂಟ್: ಹಳೆಯದು, ದೊಡ್ಡ ಆರ್ಡರಿಗೆ ಈಗಲೂ ಗಟ್ಟಿ

ರಂಗೋಲಿ ಅಚ್ಚನ್ನು ನೆಲದ ಮೇಲಿಟ್ಟು ಪುಡಿ ಹಾಕಿ ಕೈಯಾಡಿಸಿದರೆ ತೂತಿರುವ ಕಡೆ ಮಾತ್ರ ಪುಡಿ ಇಳಿಯುತ್ತದಲ್ಲ, ಸ್ಕ್ರೀನ್ ಪ್ರಿಂಟಿನ ತತ್ವ ಅಷ್ಟೇ. ಇಲ್ಲಿ ಅಚ್ಚು ಎಂದರೆ ಚೌಕಟ್ಟಿಗೆ ಬಿಗಿದ ಸಣ್ಣ ಕಣ್ಣಿನ ಪಾಲಿಯೆಸ್ಟರ್ ಜಾಲರಿ.

ಜಾಲರಿಗೆ ಎಮಲ್ಷನ್ ಎಂಬ ಅಂಟಿನಂಥ ದ್ರವ ಸವರಿ ಮಂದ ಬೆಳಕಿನಲ್ಲಿ ಒಣಗಿಸುತ್ತಾರೆ. ಇದು ಜೋರು ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ. ಡಿಸೈನನ್ನು ಬಟರ್ ಪೇಪರ್ ಅಥವಾ ಫಿಲ್ಮಿನ ಮೇಲೆ ಕಡುಗಪ್ಪಾಗಿ ಪ್ರಿಂಟ್ ತೆಗೆದು ಜಾಲರಿಯ ಮೇಲಿಟ್ಟು ಬೆಳಕು ಕೊಡುತ್ತಾರೆ. ಈ ಕಪ್ಪು ಪ್ರತಿಗೆ ಪಾಸಿಟಿವ್ ಎನ್ನುತ್ತಾರೆ. ಕಪ್ಪಿನ ಅಡಿಯಲ್ಲಿ ಬೆಳಕು ಬೀಳದೆ ಮೆತ್ತಗೇ ಉಳಿದ ಎಮಲ್ಷನ್ ನೀರು ಚಿಮ್ಮಿಸಿದಾಗ ಕಳಚಿಹೋಗಿ, ಅಕ್ಷರದ ಆಕಾರದಲ್ಲಿ ಜಾಲರಿಯ ಕಣ್ಣು ತೆರೆದುಕೊಳ್ಳುತ್ತದೆ. ಅದನ್ನು ಶರ್ಟಿನ ಮೇಲಿಟ್ಟು ಇಂಕು ಸುರಿದು ರಬ್ಬರ್ ಅಲಗಿನ ಸ್ಕ್ವೀಜಿಯಿಂದ ಎಳೆದರೆ ಪ್ರಿಂಟ್. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ಮೂರು ಬಣ್ಣವಾದರೆ ಮೂರು ಸ್ಕ್ರೀನ್, ಪ್ರತಿ ಶರ್ಟಿಗೂ ಮೂರು ಸಲ ಎಳೆತ, ಮೂರೂ ಒಂದರ ಮೇಲೊಂದು ಕದಲದೆ ಕೂರಬೇಕು.

ಜಾಲರಿಯನ್ನು ಒಂದು ಸೆಂಟಿಮೀಟರಿಗೆ ಎಷ್ಟು ಎಳೆ ಎಂದು ಎಣಿಸುತ್ತಾರೆ. ದಪ್ಪಗೆ ಇಂಕು ಬೀಳಬೇಕಾದ ಬಿಳಿ ಬಣ್ಣಕ್ಕೆ 43ರ ಆಸುಪಾಸು, ಸಾಮಾನ್ಯ ಅಕ್ಷರಕ್ಕೆ 55ರಷ್ಟು, ಸಣ್ಣ ಗೆರೆಗಳಿಗೆ 77 ಮತ್ತು ಮೇಲೆ. ದಪ್ಪ ಕಣ್ಣಿನ ಜಾಲರಿಯಲ್ಲಿ ಸಣ್ಣ ಅಕ್ಷರ ಎಳೆದರೆ ಅಂಚು ಗರಗಸದ ಹಲ್ಲಾಗುತ್ತದೆ, ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ.

ಇಂಕಿನಲ್ಲೂ ಮೂರು ಬಗೆ. ಪಿಗ್ಮೆಂಟ್ ಬಣ್ಣದ ಪುಡಿಯನ್ನು ಬೈಂಡರ್ ಎಂಬ ಅಂಟಿನಲ್ಲಿ ಕಲಸಿದ್ದು ನೀರಿನ ಇಂಕು. ಇದು ಎಳೆಯೊಳಗೆ ಇಳಿಯುತ್ತದೆ, ಮುಟ್ಟಿದರೆ ಪ್ರಿಂಟ್ ಇರುವುದೇ ಗೊತ್ತಾಗದು. ಬಿಳಿ, ತಿಳಿ ಬಣ್ಣದ ಕಾಟನ್ನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಎರಡನೆಯದು ರಬ್ಬರ್ ಪ್ರಿಂಟ್ ಎಂದು ಕರೆಯುವ, ನೀರಿನದ್ದೇ ಆದರೂ ಬಟ್ಟೆಯ ಬಣ್ಣ ಮುಚ್ಚುವಷ್ಟು ದಪ್ಪವಾದ ಪೇಸ್ಟ್. ಮೂರನೆಯದು ಪ್ಲಾಸ್ಟಿಸಾಲ್, ಪಿವಿಸಿ ಆಧಾರದ ಇಂಕು. ಕಾಯಿಸದೆ ಇದು ಒಣಗುವುದೇ ಇಲ್ಲ.

ಸ್ಕ್ರೀನ್ ಪ್ರಿಂಟು ಕೆಡುವುದು ಹೆಚ್ಚಾಗಿ ಈ ಕಾಯಿಸುವ ಹಂತದಲ್ಲಿ. ಪ್ಲಾಸ್ಟಿಸಾಲಿಗೆ ಇಂಕಿನ ಪದರವೇ ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಯಂತ್ರದ ಮೀಟರ್ 160 ತೋರಿಸಿದರೆ ಸಾಲದು, ಇಂಕಿಗೆ ಆ ಬಿಸಿ ತಲುಪಬೇಕು. ನೀರಿನ ಇಂಕಿಗೆ 150 ಡಿಗ್ರಿಯಲ್ಲಿ ಎರಡು ಮೂರು ನಿಮಿಷ, ಮೊದಲು ನೀರು ಆರಿ ಆಮೇಲೆ ಬೈಂಡರ್ ಕಚ್ಚಿಕೊಳ್ಳಲು. ಅವಸರದ ಆರ್ಡರಿನಲ್ಲಿ ನೀರಿನ ಇಂಕಿನ ಶರ್ಟುಗಳನ್ನು ಕಾಯಿಸದೆ ದಾರಕ್ಕೆ ನೇತುಹಾಕಿ ಒಣಗಿಸಿ ಪ್ಯಾಕ್ ಮಾಡಿಬಿಟ್ಟರೆ ನೋಡಲು ಚೆನ್ನಾಗೇ ಇರುತ್ತದೆ, ಮೊದಲ ಒಗೆತಕ್ಕೆ ಬಕೆಟ್ಟಿನ ನೀರು ಬಣ್ಣವಾಗುತ್ತದೆ. ಹೀಗೆ ಕಾಯಿಸುವುದಕ್ಕೆ ಕ್ಯೂರಿಂಗ್ ಎನ್ನುತ್ತಾರೆ. "ಕ್ಯೂರಿಂಗ್ ಹೇಗೆ ಮಾಡ್ತೀರಿ?" ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕೆಂಪಿನ ಮೇಲೆ ಹಳದಿ ಏಕೆ ದುಬಾರಿ

ಹಳದಿ ಶರ್ಟಿನ ಮೇಲೆ ಕೆಂಪು ಅಕ್ಷರ ಹಾಕಿಸಿದರೆ ಒಂದೇ ಸ್ಕ್ರೀನ್, ಒಂದೇ ಎಳೆತ. ಕೆಂಪು ಗಾಢ ಬಣ್ಣ, ಕೆಳಗಿನ ಹಳದಿ ಅದನ್ನು ಕೆಡಿಸುವುದಿಲ್ಲ.

ತಿರುಗಿಸಿ ನೋಡಿ. ಕೆಂಪು ಶರ್ಟಿನ ಮೇಲೆ ಹಳದಿ ಎಳೆದರೆ ಕೆಳಗಿನ ಕೆಂಪು ಇಣುಕಿ ಅಕ್ಷರ ಕಿತ್ತಳೆಯಾಗುತ್ತದೆ. ಹಾಗಾಗಿ ಮೊದಲು ಬಿಳಿ ಎಳೆಯಬೇಕು, ಇದಕ್ಕೆ ಬೇಸ್ ಎನ್ನುತ್ತಾರೆ. ಬೇಸನ್ನು ಮೇಲಿನಿಂದ ಹೀಟರ್ ಹಿಡಿದು ಕೈಗಂಟದಷ್ಟು ಆರಿಸಿ, ಅದರ ಮೇಲೆ ಹಳದಿ ಎಳೆಯಬೇಕು. ಬೇಸಿನ ಅಂಚನ್ನು ಕೂದಲೆಳೆಯಷ್ಟು ಒಳಗೆ ಇಟ್ಟಿರಬೇಕು, ಇಲ್ಲವಾದರೆ ಹಳದಿಯ ಸುತ್ತ ಬಿಳಿ ಗೆರೆ ಕಾಣುತ್ತದೆ. ಎರಡು ಸ್ಕ್ರೀನ್, ಎರಡು ಎಳೆತ, ನಡುವೆ ಕಾಯುವ ಸಮಯ. ಒಂದೇ ಬಣ್ಣದ ಅಕ್ಷರಕ್ಕೆ ಎರಡು ಬಣ್ಣದ ದರ ಹೇಳುವುದು ಇದಕ್ಕೇ, ಅದರಲ್ಲಿ ಮೋಸವೇನಿಲ್ಲ.

ಆ ಕೆಂಪು ಶರ್ಟು ಪಾಲಿಯೆಸ್ಟರ್ ಆದರೆ ಇನ್ನೊಂದು ತಲೆನೋವು. ಪಾಲಿಯೆಸ್ಟರ್ ನೂಲಿಗೆ ಹಾಕುವ ಬಣ್ಣ ಬಿಸಿಗೆ ಆವಿಯಾಗುವ ಜಾತಿಯದು. ಪ್ರಿಂಟ್ ಕಾಯಿಸುವಾಗ ಬಟ್ಟೆಯ ಕೆಂಪು ಮೇಲೆದ್ದು ಇಂಕಿನೊಳಗೆ ಸೇರುತ್ತದೆ. ಪ್ರೆಸ್ಸಿನಿಂದ ತೆಗೆದ ಕ್ಷಣ ಬೆಳ್ಳಗೇ ಇದ್ದ ಅಕ್ಷರ ಮಾರನೆಯ ದಿನ ಪ್ಯಾಕೆಟ್ ಬಿಚ್ಚಿದಾಗ ಗುಲಾಬಿಯಾಗಿರುತ್ತದೆ. ಕೆಲವೊಮ್ಮೆ ಬಣ್ಣ ಏರಲು ದಿನಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಶರ್ಟು ಹಂಚಿ ಮುಗಿದಿರುತ್ತದೆ. ಕೆಂಪು, ಮೆರೂನ್, ಕಡುನೀಲಿ ಡ್ರೈ ಫಿಟ್‌ನಲ್ಲಿ ಈ ಕಾಟ ಹೆಚ್ಚು. ಬಣ್ಣ ತಡೆಯುವ ಬೇಸ್ ಇಂಕು ಬಳಸುವುದು, ಕಡಿಮೆ ಬಿಸಿಯಲ್ಲಿ ಅಂಟುವ ವಸ್ತು ಬಳಸುವುದು ಪರಿಹಾರ. ಕಾಟನ್ ತೆಗೆದುಕೊಂಡರೆ ಈ ತಾಪತ್ರಯವೇ ಇಲ್ಲ.

ಡಿಟಿಎಫ್: ಸಣ್ಣ ಆರ್ಡರಿನ ಆಸರೆ

ಇದರಲ್ಲಿ ಬಟ್ಟೆಯ ಮೇಲೆ ನೇರವಾಗಿ ಪ್ರಿಂಟ್ ಮಾಡುವುದಿಲ್ಲ. ಪೆಟ್ ಎಂಬ ಪ್ಲಾಸ್ಟಿಕ್ಕಿನ ಪಾರದರ್ಶಕ ಫಿಲ್ಮಿನ ಮೇಲೆ ಮೊದಲು ಬಣ್ಣ, ಅದರ ಬೆನ್ನಿಗೆ ಬಿಳಿ ಇಂಕು. ಹಸಿ ಇಂಕಿನ ಮೇಲೆ ಅಂಟಿನ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, 110ರಿಂದ 130 ಡಿಗ್ರಿಯಲ್ಲಿ ಎರಡು ಮೂರು ನಿಮಿಷ ಕಾಯಿಸಿದರೆ ಪುಡಿ ಕರಗಿ ಪದರವಾಗುತ್ತದೆ. ಈ ಫಿಲ್ಮನ್ನು ಶರ್ಟಿನ ಮೇಲಿಟ್ಟು ಹೀಟ್ ಪ್ರೆಸ್ಸಿನಲ್ಲಿ ಸುಮಾರು 150ರಿಂದ 160 ಡಿಗ್ರಿಗೆ 10ರಿಂದ 15 ಸೆಕೆಂಡು ಒತ್ತಿ, ಫಿಲ್ಮ್ ಸುಲಿದರೆ ಚಿತ್ರ ಬಟ್ಟೆಯ ಮೇಲೆ ಉಳಿಯುತ್ತದೆ. ಬೆನ್ನಿಗೆ ಬಿಳಿ ಇರುವುದರಿಂದ ಬಟ್ಟೆ ಯಾವ ಬಣ್ಣವಾದರೂ ನಡೆಯುತ್ತದೆ. ಕಾಟನ್, ಪಿಸಿ, ಪಾಲಿಯೆಸ್ಟರ್ ಮೂರಕ್ಕೂ ಅಂಟುತ್ತದೆ. ಬಣ್ಣ ಎಷ್ಟಿದ್ದರೂ ದರ ಒಂದೇ, ಏಕೆಂದರೆ ಲೆಕ್ಕ ಫಿಲ್ಮಿನ ಅಳತೆಯ ಮೇಲೆ.

ಆ ಅಳತೆಯಲ್ಲೇ ಉಳಿತಾಯವೂ ಇದೆ. ದೊಡ್ಡ ರೋಲ್ ಸಾಮಾನ್ಯವಾಗಿ 60 ಸೆಂ.ಮೀ. ಅಗಲ, ಪ್ರಿಂಟ್ ಬೀಳುವ ಜಾಗ ಸುಮಾರು 58. ನಿಮ್ಮ ಬೆನ್ನಿನ ಚಿತ್ರ 28 ಸೆಂ.ಮೀ. ಅಗಲ, 32 ಎತ್ತರ ಇದ್ದರೆ ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರು, ಒಂದು ಮೀಟರಿನಲ್ಲಿ ಆರು ಚಿತ್ರ. ಎತ್ತರ ಅಷ್ಟೇ ಇಟ್ಟು ಚಿತ್ರವನ್ನು 30 ಸೆಂ.ಮೀ. ಅಗಲ ಮಾಡಿದಿರೋ, ಅಡ್ಡಕ್ಕೆ ಒಂದೇ ಕೂರುತ್ತದೆ, ಮೀಟರಿಗೆ ಮೂರೇ. ಎರಡು ಸೆಂಟಿಮೀಟರಿನ ಆಸೆಗೆ ಫಿಲ್ಮಿನ ಖರ್ಚು ದುಪ್ಪಟ್ಟು. ಪಕ್ಕದಲ್ಲಿ ಉಳಿಯುವ ಜಾಗಕ್ಕೆ 8 ಸೆಂ.ಮೀ.ನ ಎದೆ ಲೋಗೊಗಳನ್ನು ಜೋಡಿಸಿದರೆ ಒಂದಿಷ್ಟು ವಾಪಸ್ ಬರುತ್ತದೆ. ಎಷ್ಟೋ ಅಂಗಡಿಗಳು ಫಿಲ್ಮನ್ನು ಬೆಂಗಳೂರಿನಲ್ಲಿ ಪ್ರಿಂಟ್ ಹಾಕಿಸಿ ತರಿಸಿ, ಒತ್ತುವ ಕೆಲಸ ಮಾತ್ರ ಇಲ್ಲಿ ಮಾಡುತ್ತವೆ. ಹೀಗಾಗಿ ಮೀಟರ್ ಲೆಕ್ಕ ಕೇಳಿದರೆ ಅವರಿಗೇನೂ ಹೊಸದಲ್ಲ.

ಇದರ ಕೊರತೆ ಕೈಗೇ ತಿಳಿಯುತ್ತದೆ. ಬಟ್ಟೆಯ ಮೇಲೆ ತೆಳುವಾದ ಪದರ ಕೂತಿರುತ್ತದೆ. ಎದೆ ತುಂಬ ಕರ್ನಾಟಕದ ನಕ್ಷೆಯನ್ನು ಗಟ್ಟಿ ಬಣ್ಣದಲ್ಲಿ ತುಂಬಿಸಿದರೆ ಆ ಜಾಗದಲ್ಲಿ ಗಾಳಿಯಾಡದು, ಮೆರವಣಿಗೆಯಲ್ಲಿ ಅರ್ಧ ಗಂಟೆ ಕುಣಿದರೆ ಒಳಗೆಲ್ಲ ಬೆವರು. ನಕ್ಷೆಯನ್ನು ಗೆರೆಯಲ್ಲಿ ಬಿಡಿಸಿ, ಒಳಗೆ ಬಟ್ಟೆಯ ಬಣ್ಣವನ್ನೇ ಉಳಿಸಿಕೊಳ್ಳುವುದು ಮೇಲು. ಮೆಲ್ಲಗೆ ಮಾಸುವ ನೆರಳು, ಹೊಗೆ, ಹೊಳಪಿನಂಥವು ಡಿಟಿಎಫ್‌ನಲ್ಲಿ ಸರಿಯಾಗಿ ಬಾರವು. ಅರೆಪಾರದರ್ಶಕ ಜಾಗದ ಹಿಂದೆಯೂ ಬಿಳಿ ಬಿದ್ದು ಸುತ್ತ ಬೂದುಬಣ್ಣದ ಅಂಚು ಕಾಣುತ್ತದೆ. ಅರ್ಧ ಮಿಲಿಮೀಟರಿಗಿಂತ ಸಣ್ಣ ಗೆರೆಗೆ ಪುಡಿ ಸಾಕಷ್ಟು ಕೂರದೆ ಕೆಲವೇ ಒಗೆತದಲ್ಲಿ ಏಳುತ್ತದೆ.

ಅಂಚು ಏಳಲು ಸಾಮಾನ್ಯ ಕಾರಣಗಳು ಗೊತ್ತಿದ್ದರೆ ಅಂಗಡಿಯಲ್ಲಿ ನಿಂತೇ ಗಮನಿಸಬಹುದು. ಶರ್ಟನ್ನು ಮೊದಲು ಮೂರರಿಂದ ಐದು ಸೆಕೆಂಡು ಬರಿದೇ ಒತ್ತಿ ತೇವ ಓಡಿಸಬೇಕು. ಮಳೆಗಾಲದಲ್ಲಂತೂ ಇದನ್ನು ಬಿಡುವಂತಿಲ್ಲ. ತಣ್ಣಗಾದ ಮೇಲೆ ಸುಲಿಯುವ ಫಿಲ್ಮನ್ನು ಬಿಸಿಯಲ್ಲೇ ಎಳೆದರೆ ಅಕ್ಷರ ಅರ್ಧ ಫಿಲ್ಮಿನಲ್ಲೇ ಉಳಿಯುತ್ತದೆ. ಸುಲಿದ ಮೇಲೆ ಬಟರ್ ಪೇಪರ್ ಇಟ್ಟು ಇನ್ನೊಮ್ಮೆ 5ರಿಂದ 10 ಸೆಕೆಂಡು ಒತ್ತಬೇಕು. ಬಾಳಿಕೆ ಬರುವುದೇ ಈ ಎರಡನೇ ಒತ್ತಿನಿಂದ, ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ. ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿಕೊಳ್ಳುತ್ತೇನೆ ಎಂದು ಫಿಲ್ಮ್ ಮಾತ್ರ ತಂದರೆ ಒತ್ತಡ ಸಮವಾಗಿ ಬೀಳದೆ ಮೂಲೆಗಳು ಬಿಡುತ್ತವೆ.

ಸಬ್ಲಿಮೇಷನ್: ಆಟದ ಜರ್ಸಿಗೆ

ಕಾಗದದ ಮೇಲೆ ವಿಶೇಷ ಇಂಕಿನಿಂದ ಕನ್ನಡಿಬಿಂಬದಂತೆ ತಿರುಗಿಸಿ ಪ್ರಿಂಟ್ ತೆಗೆದು, ಬಟ್ಟೆಗೆ ಒತ್ತಿ 190ರಿಂದ 200 ಡಿಗ್ರಿಗೆ 45ರಿಂದ 60 ಸೆಕೆಂಡು ಕಾಯಿಸುತ್ತಾರೆ. ಘನವಾಗಿದ್ದ ಬಣ್ಣ ದ್ರವವಾಗದೆ ನೇರ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಹೊಕ್ಕು ಅಲ್ಲೇ ಉಳಿಯುತ್ತದೆ. ಮೇಲೆ ಪದರ ಇಲ್ಲ, ಬಿರುಕು ಬಿಡುವುದಿಲ್ಲ, ಸುಲಿಯುವುದಿಲ್ಲ.

ಷರತ್ತು ಎರಡು. ಬಟ್ಟೆ ಪಾಲಿಯೆಸ್ಟರ್ ಆಗಿರಬೇಕು. ಕಾಟನ್ನಿಗೆ ಒತ್ತಿದರೆ ಮಂಕಾಗಿ ಮೂಡಿ, ಒಗೆದಾಗ ತೊಳೆದುಹೋಗುತ್ತದೆ. ಬಟ್ಟೆ ಬಿಳಿ ಅಥವಾ ತೀರಾ ತಿಳಿ ಬಣ್ಣದ್ದಾಗಿರಬೇಕು, ಏಕೆಂದರೆ ಈ ಇಂಕುಗಳಲ್ಲಿ ಬಿಳಿಯೇ ಇಲ್ಲ. ಕೆಂಪು ಹಳದಿ ಜರ್ಸಿ ಬೇಕಾದರೆ ಬಿಳಿ ಬಟ್ಟೆಯನ್ನೇ ಪೂರ್ತಿ ಕೆಂಪು ಹಳದಿಗೆ ಪ್ರಿಂಟ್ ಮಾಡಿ ಆಮೇಲೆ ಹೊಲಿಯುತ್ತಾರೆ. ಹೊಲಿದ ಶರ್ಟನ್ನೇ ಪ್ರೆಸ್ಸಿಗಿಟ್ಟರೆ ಕಂಕುಳ ಮತ್ತು ಹೊಲಿಗೆಯ ಮಡಿಕೆಗಳಲ್ಲಿ ಬಿಳಿ ಗೆರೆ ಉಳಿಯುತ್ತದೆ. ಕ್ರಿಕೆಟ್, ಕಬಡ್ಡಿ ತಂಡಕ್ಕೆ ಇದು ಹೇಳಿಮಾಡಿಸಿದ್ದು. ಪ್ರತಿಯೊಬ್ಬರ ಹೆಸರು, ನಂಬರ್ ಬೇರೆಯಾದರೂ ಬದಲಾಗುವುದು ಫೈಲಿನಲ್ಲಿ ಮಾತ್ರ. ಹೊಲಿಗೆಯ ದಿನಗಳನ್ನೂ ಲೆಕ್ಕಕ್ಕೆ ಹಿಡಿದು ಆರ್ಡರ್ ಕೊಡಿ.

ಉಳಿದವು, ಚುಟುಕಾಗಿ

ವಿನೈಲ್ ಎಂದರೆ ಬಣ್ಣದ ಹಾಳೆಯನ್ನು ಯಂತ್ರದಲ್ಲಿ ಕತ್ತರಿಸಿ, ಬೇಡದ ಭಾಗ ಕಿತ್ತು, ಉಳಿದದ್ದನ್ನು ಒತ್ತುವುದು. ಇಂಗ್ಲಿಷ್ ನಂಬರಿಗೆ ಸುಲಭ. ಕನ್ನಡ ಅಕ್ಷರದ ಸುಳಿ, ಒತ್ತು, ಹೊಟ್ಟೆಗಳನ್ನು ಒಂದೊಂದಾಗಿ ಚುಚ್ಚಿ ಕೀಳಬೇಕಾದ್ದರಿಂದ ಸಣ್ಣ ಅಕ್ಷರದಲ್ಲಿ ಕೆಲಸಗಾರರ ಪ್ರಾಣ ಹೋಗುತ್ತದೆ. ಡಿಟಿಜಿ ಬಟ್ಟೆಯ ಮೇಲೇ ನೇರ ಪ್ರಿಂಟ್ ಮಾಡುವ ಯಂತ್ರ. ಕಾಟನ್ನಿಗೆ ಚೆನ್ನ, ಗಾಢ ಬಣ್ಣದ ಬಟ್ಟೆಗೆ ಮೊದಲು ದ್ರಾವಣ ಸಿಂಪಡಿಸಬೇಕು, ಕೆಲಸ ನಿಧಾನ. ಎಂಬ್ರಾಯ್ಡರಿ ಕಾಲರ್ ಶರ್ಟಿನ ಎದೆ ಲೋಗೊಗೆ ಗೌರವ ತರುತ್ತದೆ. ಪಂಚಿಂಗ್ ಎಂಬ ಫೈಲ್ ತಯಾರಿಯ ಖರ್ಚು ಒಂದೇ ಸಲ. ತೆಳು ರೌಂಡ್ ನೆಕ್‌ಗೆ ಹಾಕಿಸಿದರೆ ಬಟ್ಟೆ ಸುಕ್ಕುಗಟ್ಟುತ್ತದೆ.

ಕನ್ನಡ ಅಕ್ಷರ ಒಡೆಯದಂತೆ

ಇಂಗ್ಲಿಷ್ ಬರಹಕ್ಕಿಲ್ಲದ ತೊಂದರೆ ನಮ್ಮದಕ್ಕಿದೆ. ಡಿಟಿಪಿಯವರು ಬಳಸುವ 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳು ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಅಲ್ಲ. ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ "ಕನ್ನಡ" ಎಂದಿದ್ದದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಯುನಿಕೋಡಿನಲ್ಲಿ ಬರೆದದ್ದನ್ನು ಡಿಸೈನ್ ತಂತ್ರಾಂಶವಾದ ಕೋರಲ್‌ಡ್ರಾದ ಹಳೆಯ ಆವೃತ್ತಿಯಲ್ಲಿ ತೆರೆದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಪ್ರಿಂಟ್ ಹಾಕುವವರಿಗೆ ಕನ್ನಡ ಬಾರದಿದ್ದರೆ ಅದು ಹಾಗೇ ಶರ್ಟಿಗೂ ಇಳಿಯುತ್ತದೆ. ಪರಿಹಾರ ಸರಳ: ಡಿಸೈನ್ ಮಾಡಿದ ಕಂಪ್ಯೂಟರಿನಲ್ಲೇ ಅಕ್ಷರಗಳನ್ನು ಕರ್ವ್ ಆಗಿ ಬದಲಿಸಿ ಕಳಿಸಲು ಹೇಳಿ. ಆಗ ಅದು ಬರಹವಾಗಿ ಉಳಿಯದೆ ಆಕಾರವಾಗುತ್ತದೆ, ಎಲ್ಲಿ ತೆರೆದರೂ ಕದಲದು. ತಿದ್ದಲೂ ಬರುವುದಿಲ್ಲವಾದ್ದರಿಂದ ಕಾಗುಣಿತವನ್ನು ಮೊದಲೇ ಇಬ್ಬರು ಓದಲಿ.

ಫೋಟೊ ಇರುವ ಚಿತ್ರವಾದರೆ ಪ್ರಿಂಟಿನ ಅಳತೆಯಲ್ಲಿ ಇಂಚಿಗೆ 300 ಚುಕ್ಕಿ ಬೇಕು. 28 ಸೆಂ.ಮೀ. ಅಗಲಕ್ಕೆ ಸುಮಾರು 3,300 ಪಿಕ್ಸೆಲ್. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಎಷ್ಟು ಶರ್ಟಿಗೆ ಯಾವುದು

ದರ ಅಂಗಡಿಯಿಂದ ಅಂಗಡಿಗೆ ಬೇರೆ, ಲೆಕ್ಕದ ದಾರಿ ಮಾತ್ರ ಒಂದೇ. ಉದಾಹರಣೆಗೆ ಒಂದು ಸ್ಕ್ರೀನ್ ತಯಾರಿಸಲು 500 ರೂಪಾಯಿ ಎಂದುಕೊಳ್ಳಿ. ಕಪ್ಪು ಬಟ್ಟೆಯ ಮೇಲೆ ಮೂರು ಬಣ್ಣ, ಜೊತೆಗೆ ಬಿಳಿ ಬೇಸ್, ಒಟ್ಟು ನಾಲ್ಕು ಸ್ಕ್ರೀನಿಗೆ 2,000. ಹತ್ತು ಶರ್ಟಾದರೆ ತಲಾ 200 ಬರೀ ಸ್ಕ್ರೀನಿಗೇ ಹೋಯಿತು. ಇನ್ನೂರು ಶರ್ಟಾದರೆ ತಲಾ 10. ಡಿಟಿಎಫ್‌ನಲ್ಲಿ ಇಂಥ ಆರಂಭದ ಖರ್ಚಿಲ್ಲ, ಆದರೆ ಒಂದಕ್ಕೆ ತಗಲುವ ಫಿಲ್ಮು ನೂರನೆಯದಕ್ಕೂ ತಗಲುತ್ತದೆ.

ಹಾಗಾಗಿ 15 ಶರ್ಟು, ಬಣ್ಣ ಹಲವು ಎಂದರೆ ಡಿಟಿಎಫ್. 80 ಹಳದಿ ಕಾಟನ್ ಶರ್ಟು, ಕೆಂಪು ಅಕ್ಷರ ಮಾತ್ರ ಎಂದರೆ ಯೋಚಿಸದೆ ಸ್ಕ್ರೀನ್. ಹೆಸರು ನಂಬರಿನ ಡ್ರೈ ಫಿಟ್ ಜರ್ಸಿಗೆ ಸಬ್ಲಿಮೇಷನ್. ನಡುವಿನ 30-40ರ ಆರ್ಡರಿನಲ್ಲಿ ಎರಡೂ ಕಡೆ ದರ ಕೇಳಿ, ಬಣ್ಣ ಒಂದೆರಡಕ್ಕೆ ಇಳಿಸಲು ಸಾಧ್ಯವೇ ನೋಡಿ. ಇಳಿಸಿದರೆ ಸ್ಕ್ರೀನ್ ಕಡೆ ತಕ್ಕಡಿ ವಾಲುತ್ತದೆ.

ಒಂದು ಸ್ಯಾಂಪಲ್, ಮೂರು ಪರೀಕ್ಷೆ

ಪೂರ್ತಿ ಆರ್ಡರಿಗೆ ಮುನ್ನ ಅದೇ ಬಟ್ಟೆಯಲ್ಲಿ ಒಂದು ಸ್ಯಾಂಪಲ್ ಕೇಳಿ. ಮೊಬೈಲಿನ ಹಳದಿಗೂ ಇಂಕಿನ ಹಳದಿಗೂ ವ್ಯತ್ಯಾಸ ಇದ್ದೇ ಇರುತ್ತದೆ, ಅದು ಇಲ್ಲೇ ತಿಳಿಯಲಿ. ಚಿತ್ರವನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿ ಎದೆಗೆ ಹಿಡಿದು ನೋಡಿ. ಕಾಲರಿನ ಕೆಳಗೆ ನಾಲ್ಕು ಬೆರಳು ಬಿಟ್ಟು ಶುರುವಾದರೆ ಸರಿಯಾಗಿ ಕಾಣುತ್ತದೆ, ಅದಕ್ಕಿಂತ ಇಳಿದರೆ ಹೊಟ್ಟೆಯ ಮೇಲೆ ಕೂರುತ್ತದೆ.

ಸ್ಯಾಂಪಲ್ ಒಂದು ದಿನ ಹಾಗೇ ಇಟ್ಟು, ಆಮೇಲೆ ಪ್ರಿಂಟ್ ಇರುವ ಜಾಗವನ್ನು ಎರಡೂ ಕೈಯಲ್ಲಿ ಎಳೆಯಿರಿ. ಪ್ಲಾಸ್ಟಿಸಾಲ್ ಬಿರುಕು ಬಿಟ್ಟರೆ ಕಾಯಿಸಿದ್ದು ಸಾಲದು. ಒದ್ದೆ ಬಿಳಿ ಬಟ್ಟೆಯಿಂದ ಇಪ್ಪತ್ತು ಸಲ ಉಜ್ಜಿ, ಬಣ್ಣ ಹತ್ತಿದರೆ ನೀರಿನ ಇಂಕು ಕಚ್ಚಿಲ್ಲ. ಡಿಟಿಎಫ್ ಆದರೆ ಚೂಪು ಮೂಲೆಯನ್ನು ಉಗುರಿನಿಂದ ಎಬ್ಬಿಸಲು ನೋಡಿ, ಎದ್ದರೆ ಮತ್ತೆ ಒತ್ತಿಸಿ. ಗುಂಪಿನಲ್ಲಿ ಹಾಳಾಗುವ ಒಂದೆರಡಕ್ಕೆಂದು ನೂರಕ್ಕೆ ಎರಡು ಮೂರು ಪ್ಲೇನ್ ಶರ್ಟು ಹೆಚ್ಚು ಕೊಟ್ಟಿರಿ.

ಹಂಚುವಾಗ ಒಗೆಯುವ ವಿಧಾನವನ್ನೂ ಹೇಳಿಬಿಡಿ: ಮೊದಲ ದಿನ ನೀರಿಗೆ ಹಾಕಬೇಡಿ, ಒಳಮಗ್ಗುಲು ತಿರುಗಿಸಿ ತಣ್ಣೀರಿನಲ್ಲಿ ಒಗೆಯಿರಿ, ಬ್ಲೀಚ್ ಬೇಡ, ಪ್ರಿಂಟಿನ ಮೇಲೆ ನೇರ ಇಸ್ತ್ರಿ ಬೇಡ. ಮನೆಮನೆಯಲ್ಲೂ ಒಗೆಯುವ ಕಲ್ಲು, ಬ್ರಷ್ಷೇ ಇರುವ ಕಡೆಗೆ ಶರ್ಟು ಹೋಗುವುದಾದರೆ ಡಿಟಿಎಫ್, ವಿನೈಲ್ ಎರಡನ್ನೂ ಬಿಟ್ಟು ಎಳೆಯೊಳಗೆ ಇಳಿಯುವ ನೀರಿನ ಇಂಕಿನ ಸ್ಕ್ರೀನ್ ಪ್ರಿಂಟನ್ನೇ ಕೇಳಿ. ಬ್ರಷ್ಷಿನ ತಿಕ್ಕಾಟಕ್ಕೆ ಎದ್ದುಬರಲು ಅದರಲ್ಲಿ ಅಂಚೇ ಇರುವುದಿಲ್ಲ.